ನಿಘಂಟು ಬರೆಯದವರ ಮಾತು

ಹನೂರಿನ ಕಡೆ ಗಂಡಸರಿಗಾಗಿ ಒಂದು ದಿನದ ಧ್ಯಾನಕೂಟ ನಡೆಯಿತು. ಊಟ ಬಡಿಸಲೆಂದು ಕೊಳ್ಳೇಗಾಲದಿಂದ ನಾವು ನಾಲ್ಕೈದು ಹೆಂಗಸರೂ ಹೋಗಿದ್ದೆವು. ಹೊರಗಿನಿಂದ ಬಂದಿದ್ದ ಭಾಷಣಕಾರರು ಆರಿಸಿಕೊಂಡ ವಿಷಯ ಚೆನ್ನಾಗಿತ್ತು. ಗಂಡಸಿನ ಬೆಲೆ ಅವನ ಹುದ್ದೆಯಲ್ಲಿಲ್ಲ, ಸಂಬಳದಲ್ಲಿಲ್ಲ, ದೇವರು ಅವನನ್ನು ಮಗನೆಂದು ಕರೆದಿರುವುದರಲ್ಲಿದೆ ಎಂದರು. ಇದಕ್ಕೆ ಅವರು ಕೊಟ್ಟ ಉದಾಹರಣೆ ಫರ್ಡಿನೆಂಡ್ ಕಿಟೆಲ್. ಮಿಶನರಿಯಾಗಿ ಸೋತರೂ ಎದೆಗುಂದದೆ ಕನ್ನಡಕ್ಕೆ ಮಹಾನಿಘಂಟನ್ನು ಕೊಟ್ಟರು, ಇವತ್ತು ಬೆಂಗಳೂರಿನಲ್ಲಿ ಅವರ ಪ್ರತಿಮೆ ಇದೆ ಎಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಗಿಲ ಬಳಿ ಸಾರಿನ ಬಕೆಟ್ಟು ಹಿಡಿದು ನಿಂತಿದ್ದ ನಾನೂ ತಲೆದೂಗಿದೆ.

ಸಂಜೆ ಬಸ್ಸಿನಲ್ಲಿ ಅಣ್ಣ ನನ್ನ ಪಕ್ಕದಲ್ಲಿ ಕುಳಿತಿದ್ದ. ಕಾಮಗೆರೆ ದಾಟುವವರೆಗೂ ಮಾತಿಲ್ಲ. ಆಮೇಲೆ ಮೆಲ್ಲಗೆ, "ಅವರು ನಿಘಂಟು ಬರೆದ್ರು, ಸರಿ. ನಾನೇನು ಬರೀಲಿ ಕಣಮ್ಮ, ದಿನಸಿ ಚೀಟಿಯಾ?" ಎಂದ.

ಅಣ್ಣ ರೇಷ್ಮೆ ಹುರಿ ಮಾಡುವ ಒಂದು ಖಾಸಗಿ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಲೆಕ್ಕ ಬರೆದವನು. ಐವತ್ತೈದು ತುಂಬಿದ ವರ್ಷ ಅದಕ್ಕೆ ಬೀಗ ಬಿತ್ತು. ಅಂದಿನಿಂದ ಮನೆಯಲ್ಲಿದ್ದಾನೆ. ಅವನ ಆ ಒಂದು ಮಾತು ನನ್ನನ್ನು ಮತ್ತೆ ಕಿಟೆಲರ ಬಳಿಗೆ ಕರೆದೊಯ್ದಿತು.

ಕಿಟೆಲರ ಕಥೆ ನಮಗೆಲ್ಲ ಗೊತ್ತಿರುವುದೇ. ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ಕಡೆಯಿಂದ 1853ರಲ್ಲಿ ಮಂಗಳೂರಿಗೆ ಬಂದರು. ಮತಪ್ರಚಾರದಲ್ಲಿ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಜೊತೆಯ ಮಿಶನರಿಗಳೊಡನೆ ಹೊಂದಿಕೆಯೂ ಆಗಲಿಲ್ಲ. 1862ರಲ್ಲಿ ಯೇಸುವಿನ ಜೀವನವನ್ನು ಕನ್ನಡದ ಛಂದಸ್ಸಿನಲ್ಲೇ ಕಟ್ಟಿ 'ಕಥಾಮಾಲೆ' ತಂದರು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನೂ ಅಚ್ಚು ಹಾಕಿಸಿದರು. 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ತೀರಿಕೊಂಡರು.

ಈ ಕಥೆಯನ್ನು ನಾವು ಯಾವಾಗಲೂ ಕೊನೆಯಿಂದ ಹಿಂದಕ್ಕೆ ಹೇಳುತ್ತೇವೆ. ಅದೇ ನನ್ನ ಮೊದಲ ಆಕ್ಷೇಪಣೆ. ನಿಘಂಟು ಇದೆ, ಪ್ರತಿಮೆ ಇದೆ, ಆದ್ದರಿಂದ ಅವರ ಸೋಲು ಸೋಲಲ್ಲ ಎನ್ನುತ್ತೇವೆ. ರೈನ್‌ಹಾರ್ಡ್ ವೆಂಡ್ಟ್ ಎಂಬ ವಿದ್ವಾಂಸರು 2006ರಲ್ಲಿ ಕಿಟೆಲರ ಬಗ್ಗೆ ಸಂಪಾದಿಸಿದ ಪುಸ್ತಕದ ಹೆಸರಿನಲ್ಲೇ ಮೊದಲಿನ ಸೋಲು ಮತ್ತು ಮರಣಾನಂತರದ ಯಶಸ್ಸಿನ ಪ್ರಸ್ತಾಪವಿದೆ. ಯಶಸ್ಸೇ ಎಲ್ಲವೂ ಅಲ್ಲ ಎಂದು ಹೇಳಹೊರಟ ಭಾಷಣ ಕಡೆಗೆ ತಡವಾಗಿ ಬಂದ ಯಶಸ್ಸಿನ ಕಥೆಯಾಗಿ ಮುಗಿಯಿತು. ತಕ್ಕಡಿ ಹಳೆಯದೇ, ತೂಗುವ ಸಾಮಾನು ಮಾತ್ರ ಬೇರೆ. ಅಣ್ಣನಿಗೆ ಅದು ಕೂಡಲೇ ತಿಳಿಯಿತು, ಚಪ್ಪಾಳೆ ತಟ್ಟಿದ ನಮಗೆ ತಿಳಿಯಲಿಲ್ಲ.

ನಮ್ಮ ಯಳಂದೂರು ತಾಲ್ಲೂಕಿನ ಅಗರದಲ್ಲಿ 1898ರಲ್ಲಿ ಹುಟ್ಟಿದ ನಾಟಕಕಾರ ಸಂಸರನ್ನು ನೆನೆಯಿರಿ. ಬದುಕಿದ್ದಾಗ ಎಲ್ಲೂ ನೆಲೆ ಸಿಗದೆ 1939ರಲ್ಲಿ ತಾವಾಗಿಯೇ ಜೀವ ಕಳೆದುಕೊಂಡರು. ಇಂದು ಅವರನ್ನು ದೊಡ್ಡವರೆಂದು ಹೊಗಳುತ್ತೇವೆ. ಆ ಹೊಗಳಿಕೆಯಲ್ಲಿ ಒಂದು ಪಾಲಾದರೂ ಅವರ ಒಂದು ರಾತ್ರಿಯ ಸಂಕಟಕ್ಕೆ ಒದಗಿತೇ? ಮುಂದೆಂದೋ ಬರುವ ಕೀರ್ತಿಯನ್ನು ತೋರಿಸಿ ಇಂದು ಕುಗ್ಗಿದವನನ್ನು ಸಮಾಧಾನಪಡಿಸಲಾಗುವುದಿಲ್ಲ.

ಹಾಗಾದರೆ ಕಿಟೆಲರಿಂದ ಕಲಿಯುವುದು ಏನೂ ಇಲ್ಲವೇ? ಇದೆ. ಆದರೆ ಅದು ಕಥೆಯ ನಡುವಿನಲ್ಲಿದೆ. ನಿಘಂಟನ್ನು ತೆರೆದು ನೋಡಿದರೆ ಹಳಗನ್ನಡ ಕಾವ್ಯದ ಮಾತುಗಳ ಜೊತೆಗೆ ಜನರ ಬಾಯಿಯ ಮಾತುಗಳು, ಗಾದೆಗಳು ರಾಶಿ ಬಿದ್ದಿವೆ. ಇವು ಒಬ್ಬರ ಮುಂದೆ ಕುಳಿತು ಕೇಳಿಸಿಕೊಳ್ಳದೆ ಸಿಗುವಂಥವಲ್ಲ. ಉಪದೇಶ ಹೇಳಲೆಂದು ಬಂದವರು ಕೇಳಲು ಕುಳಿತರು. ಕೇಳುತ್ತಿದ್ದ ಆ ವರ್ಷಗಳಲ್ಲಿ ನಿಘಂಟು ಮುಗಿದೀತೆಂಬ ಖಾತರಿ ಯಾರಿಗಿತ್ತು? 1894 ಬರದೇ ಹೋಗಿದ್ದರೂ, ಕಾಗದಗಳೆಲ್ಲ ಗೆದ್ದಲು ತಿಂದಿದ್ದರೂ, ಆ ಕೇಳಿಸಿಕೊಂಡದ್ದು ಹುಸಿಯಾಗುತ್ತಿರಲಿಲ್ಲ. ಭಾಷಣಕಾರರು ಇದನ್ನು ಹೇಳಬೇಕಿತ್ತು.

ಇನ್ನೂ ಒಂದು ಮಾತು ಅವರು ಬಿಟ್ಟರು. ಕಿಟೆಲರ ಮೊದಲ ಹೆಂಡತಿ ಪೌಲಿನ್ ತೀರಿಕೊಂಡ ಮೇಲೆ ಆಕೆಯ ತಂಗಿ ಜೂಲಿಯನ್ನು ಅವರು ಮದುವೆಯಾದರು. ಇಷ್ಟು ವರ್ಷ ಪದಗಳ ಮುಂದೆ ಕುಳಿತ ಮನುಷ್ಯನ ಮನೆಯಲ್ಲಿ ಒಲೆ ಉರಿಯುತ್ತಲೇ ಇದ್ದಿರಬೇಕಲ್ಲ! ಆ ಅಕ್ಕತಂಗಿಯರ ಬೆಲೆ ಯಾವ ನಿಘಂಟಿನಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಮನೆಗೆಲಸಕ್ಕೆ ನಿವೃತ್ತಿಯಿಲ್ಲವಾದ್ದರಿಂದ ನಮ್ಮನ್ನು ಈ ಪ್ರಶ್ನೆ ಅಷ್ಟಾಗಿ ಕಾಡದೇನೋ. ಆದರೆ ಗಂಡಸರನ್ನು ಸಂಬಳದಿಂದ ಅಳೆಯುವುದರಲ್ಲಿ ನಾವು ಹೆಂಗಸರೂ ಹಿಂದೆ ಬಿದ್ದಿಲ್ಲ. ಮನೆಗೆ ಬಂದವರು "ನಿಮ್ಮಣ್ಣ ಏನು ಮಾಡ್ತಾರೆ?" ಎಂದರೆ ನಾನು, "ಮೊದಲು ಕಾರ್ಖಾನೆಯಲ್ಲಿ ಲೆಕ್ಕ ನೋಡ್ತಿದ್ರು" ಎನ್ನುತ್ತಿದ್ದೆ. ಅವನು ಅಲ್ಲೇ ಕುಳಿತಿರುತ್ತಿದ್ದ. ಎದುರಿಗಿರುವ ಅಣ್ಣನ ಬಗ್ಗೆ ಹೇಳಲು ನನ್ನ ಬಳಿ ಹಳೆಯ ಮಾತಿನ ಹೊರತು ಬೇರೇನೂ ಇರಲಿಲ್ಲ.

ಭಾಷಣಕಾರರಿಗೆ ಉದಾಹರಣೆ ಬೇಕಿದ್ದರೆ ದೂರ ಹೋಗಬೇಕಿರಲಿಲ್ಲ. ಮತ್ತಾಯನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಕೂಲಿಯವರ ಸಾಮತಿಯಿದೆ. ಸಂಜೆಯ ಹೊತ್ತಿಗೂ ಪೇಟೆಯಲ್ಲಿ ಕೆಲವರು ಸುಮ್ಮನೆ ನಿಂತಿದ್ದಾರೆ. ಅವರು ಸೋಮಾರಿಗಳಲ್ಲ, ಯಾರೂ ಕೂಲಿಗೆ ಕರೆದಿರಲಿಲ್ಲ. ಒಂದೇ ಗಂಟೆ ದುಡಿದ ಅವರಿಗೂ ಯಜಮಾನ ಇಡೀ ದಿನದ ಕೂಲಿ ಕೊಡುತ್ತಾನೆ. ಇದನ್ನು ದೇವರ ಔದಾರ್ಯದ ಕಥೆಯೆಂದೇ ನಮ್ಮಲ್ಲಿ ಬೋಧಿಸುತ್ತಾರೆ, ನಿಜವೇ. ಆದರೆ ಸಂಜೆಯವರೆಗೆ ನಿಂತವನ ಮನಸ್ಸಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಮಾರ್ಟಳ್ಳಿಯ ಕಡೆಯಿಂದ ಕೂಲಿಗೆ ಊರು ಬಿಟ್ಟು ಹೋಗುವವರಿಗೆ, ಕೆಲಸವಿಲ್ಲದೆ ಬಸ್‌ಸ್ಟ್ಯಾಂಡಿನಲ್ಲಿ ಕಾಯುವವರಿಗೆ, ಆ ಕಥೆ ವಿವರಿಸದೆಯೇ ಅರ್ಥವಾಗುತ್ತದೆ. ಅವತ್ತಿನ ಕೂಲಿ ದುಡಿದ ಗಂಟೆಗಳ ಲೆಕ್ಕವಲ್ಲ, ಒಬ್ಬ ಮನುಷ್ಯ ಅಂದು ಊಟ ಮಾಡಬೇಕೆಂಬ ಲೆಕ್ಕ.

ನಮ್ಮ ನೆಲದ ಆಯ್ದಕ್ಕಿ ಲಕ್ಕಮ್ಮನೂ ಇದೇ ಲೆಕ್ಕ ಬಲ್ಲವಳು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹಿಗ್ಗದೆ, ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದಳು. ತಂದದ್ದು ಹೆಚ್ಚಾದರೆ ಗಂಡ ಹೆಚ್ಚಿನವನಾಗುವುದಿಲ್ಲ ಎಂದು ಬಲ್ಲ ಹೆಂಗಸು ಮಾತ್ರ, ಕಡಿಮೆ ತಂದ ದಿನವೂ ಅವನನ್ನು ಕಡಿಮೆಯಾಗಿ ಕಾಣಲಾರಳು. ಅವಳ ಮುಂದೆ ನಾನು ತೀರ ಚಿಕ್ಕವಳು.

ಅಣ್ಣನ ಕಥೆಗೆ ಒಳ್ಳೆಯ ಮುಕ್ತಾಯವೇನೂ ಇಲ್ಲ. ಕೆಲಸ ಸಿಕ್ಕಿಲ್ಲ. ಕೆಲವು ದಿನ ಸಿಡುಕುತ್ತಾನೆ, ಕೆಲವು ದಿನ ಮಾತೇ ಆಡುವುದಿಲ್ಲ. ಹಾಸಿಗೆ ಹಿಡಿದಿರುವ ನಮ್ಮ ಅಮ್ಮನಿಗೆ ಬೆಳಿಗ್ಗೆ ಮುಖ ತೊಳೆಸಿ ತಲೆ ಬಾಚುವವನು ಅವನೇ. ಅಮ್ಮ ಹಳೆಯದನ್ನೇ ಹತ್ತು ಸಲ ಹೇಳುತ್ತಾಳೆ, ಅವನು ಹತ್ತು ಸಲವೂ ಕೇಳುತ್ತಾನೆ. ನನಗೆ ಅಷ್ಟು ತಾಳ್ಮೆಯಿಲ್ಲ, ಶಾಲೆಗೆ ಹೊತ್ತಾಯಿತೆಂದು ಎದ್ದುಬಿಡುತ್ತೇನೆ.

ಹೋದ ವಾರ ಹೊಸದಾಗಿ ಬಂದ ಸಹೋದ್ಯೋಗಿಯೊಬ್ಬರು ಮನೆಗೆ ಬಂದಿದ್ದರು. ಅದೇ ಪ್ರಶ್ನೆ ಬಂತು. "ನಮ್ಮಮ್ಮನ್ನ ನೋಡ್ಕೊಳ್ತಾರೆ" ಎಂದೆ. ಅಣ್ಣ ಬಾಚಣಿಗೆ ಹಿಡಿದುಕೊಂಡೇ ಒಮ್ಮೆ ನನ್ನ ಕಡೆ ನೋಡಿದ. ಏನೂ ಹೇಳಲಿಲ್ಲ.