ವಾರದ ನೋಟ, ವಾರದ ಓದು

ಈ ವಾರವೂ ನಾವು ಟಿ.ವಿ.ಯ ಮುಂದೆ ಕಳೆದ ಹೊತ್ತೇ ಹೆಚ್ಚು. ಚಿಂಚವಾಡ, ಆಕುರ್ಡಿ, ನಿಗಡಿಗಳ ಕನ್ನಡ ಮನೆಗಳಲ್ಲಿ ಇದೇನೂ ವಿಶೇಷವಲ್ಲವೆಂದು ವಾಚಕರು ಬಲ್ಲರು. ಸೆಕೆಂಡ್ ಶಿಫ್ಟ್ ಮುಗಿಸಿ ಬಂದವರಿಗೆ ದಪ್ಪ ಕಾದಂಬರಿ ಹಿಡಿಯುವ ತ್ರಾಣವೆಲ್ಲಿ?

ಮೊದಲು 'ಅಮೃತಧಾರೆ'. 2023ರಲ್ಲಿ ಜೀ ಕನ್ನಡದಲ್ಲಿ ಪ್ರಾರಂಭವಾದ ಈ ಧಾರಾವಾಹಿಯ ಮೂಲ ಹಿಂದಿಯದು. ವಯಸ್ಸು ಮೀರಿ ಮದುವೆಯಾದವರ ಕಥೆ. ರಾಜೇಶ್ ನಟರಂಗ ಅವರ ಸಂಯಮದ ಅಭಿನಯ ಮೆಚ್ಚುವಂಥದು. ಆದರೆ ಯಾರೋ ಬಾಗಿಲು ತೆರೆದರೂ ಸಿಡಿಲು ಬಡಿಸುವ ಹಿನ್ನೆಲೆ ಸಂಗೀತವಿದೆಯಲ್ಲ, ಅದರಿಂದ ನಾಲ್ಕು ಕಂತಿಗೇ ಸಾಕೆನಿಸಿತು.

ಕಿವಿಗೆ ವಿಶ್ರಾಂತಿ ದೊರೆತದ್ದು 1980ರ ದಶಕದ 'ಮಾಲ್ಗುಡಿ ಡೇಸ್' ಮತ್ತೆ ನೋಡಿದಾಗ. ಎಲ್. ವೈದ್ಯನಾಥನ್ ಅವರ ಸಂಗೀತ ಎಷ್ಟು ಮೆಲುವಾದುದು! ಶಂಕರನಾಗ್ ಅದನ್ನು ಆಗುಂಬೆಯಲ್ಲಿ ಚಿತ್ರಿಸಿದರು. ಕಥೆ ಇಂಗ್ಲಿಷಿನದು, ಮಾತು ಹಿಂದಿಯದು. ಜಗಲಿ, ಹೆಂಚು, ಮಳೆ ಮಾತ್ರ ಮಲೆನಾಡಿನವು. ಸ್ವಾಮಿಯಾದ ಮಾಸ್ಟರ್ ಮಂಜುನಾಥ್, ಅವನ ತಂದೆಯಾದ ಗಿರೀಶ ಕಾರ್ನಾಡರು ಕನ್ನಡದವರೆಂದು ನಮ್ಮ ಮಕ್ಕಳಿಗೆ ನಾವೇ ಹೇಳಬೇಕಾಯಿತು.

ಪುಸ್ತಕಗಳ ವಿಷಯಕ್ಕೆ ಬಂದರೆ, ಭೈರಪ್ಪನವರ 'ವಂಶವೃಕ್ಷ'ವನ್ನು ನಾವು ಈ ಸಲ ಮರಾಠಿಯಲ್ಲಿ ಓದಿದೆವು. ಪುಣೆಯ ಉಮಾ ಕುಲಕರ್ಣಿಯವರ ಈ ಅನುವಾದಕ್ಕೆ 1989ರಲ್ಲಿ ಸಾಹಿತ್ಯ ಅಕಾಡೆಮಿಯ ಅನುವಾದ ಪುರಸ್ಕಾರ ಬಂದಿತ್ತು. ಬೆಳಗಾವಿಯ ಮರಾಠಿ ಮನೆಯಲ್ಲಿ ಬೆಳೆದ ಅವರು ಕೆಲಸ ಮಾಡಿದ ಬಗೆ ಅಪೂರ್ವವಾದುದು: ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಮೂಲವನ್ನು ಓದಿ ಟೇಪಿನಲ್ಲಿ ಮುದ್ರಿಸಿಡುವರು, ಈಕೆ ಕೇಳಿ ಕೇಳಿ ಮರಾಠಿಯಲ್ಲಿ ಬರೆಯುವರು. ಲಿಪಿಯ ಮೂಲಕವಲ್ಲ, ಕಿವಿಯ ಮೂಲಕ ಒಂದು ಕಾದಂಬರಿ ಭಾಷೆಯಿಂದ ಭಾಷೆಗೆ ದಾಟಿತು. ಸಂಭಾಷಣೆಗಳು ಅಷ್ಟು ಸಹಜವಾಗಿ ಹರಿಯುವುದಕ್ಕೆ ಇದೇ ಕಾರಣವಿರಬಹುದೆಂದು ನಮ್ಮ ಊಹೆ. ಶ್ರೋತ್ರಿಯರ ಗಾಂಭೀರ್ಯಕ್ಕೆ ಮರಾಠಿ ಚೆನ್ನಾಗಿ ಒಪ್ಪುತ್ತದೆ. ಕಾತ್ಯಾಯನಿಯ ತಳಮಳವೂ ಮನ ಮುಟ್ಟುತ್ತದೆ. ದೀರ್ಘ ಶಾಸ್ತ್ರಚರ್ಚೆಗಳು ಮಾತ್ರ ಎರಡೂ ಭಾಷೆಗಳಲ್ಲಿ ಸಮವಾಗಿ ಆಕಳಿಕೆ ತರಿಸುತ್ತವೆ!

ಇದನ್ನು ಇಷ್ಟು ವಿಸ್ತರಿಸಿ ಬರೆದುದಕ್ಕೆ ಕಾರಣವುಂಟು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳ ಸ್ಥಿತಿಯೂ ಅದೇ: ಕನ್ನಡ ಕಿವಿಯಲ್ಲಿದೆ, ಕಣ್ಣಿಗಿನ್ನೂ ಇಳಿದಿಲ್ಲ. ಕಾಲೇಜಿಗೆ ಹೋಗುವ ಮಗಳು ಬಾನು ಮುಷ್ತಾಕರ ಕಥೆಗಳನ್ನು 'ಹಾರ್ಟ್ ಲ್ಯಾಂಪ್' ಎಂದೇ ಬಲ್ಲಳು. ದೀಪಾ ಭಾಸ್ತಿ ಅನುವಾದಿಸಿದ, ಹನ್ನೆರಡು ಕಥೆಗಳ ಈ ಸಂಕಲನಕ್ಕೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡ, ಉರ್ದು ಶಬ್ದಗಳನ್ನು ಓರೆ ಅಕ್ಷರಗಳಿಲ್ಲದೆ, ಅಡಿಟಿಪ್ಪಣಿಯಿಲ್ಲದೆ ಹಾಗೆಯೇ ಉಳಿಸಿದ್ದಾರೆ. ಆ ಧೈರ್ಯ ನಮಗೆ ಹಿಡಿಸಿತು.

ಆದರೂ ಮೂಲ ಮೂಲವೇ ಅಲ್ಲವೆ? 'ಎದೆಯ ಹಣತೆ' ಕಥೆಯನ್ನು ಶುಕ್ರವಾರ ರಾತ್ರಿ ಟಿ.ವಿ. ಆರಿಸಿ ಗಟ್ಟಿಯಾಗಿ ಓದಿದೆವು. ಗಂಡನಿಂದಲೂ ತವರಿನಿಂದಲೂ ತಿರಸ್ಕೃತಳಾದ ತಾಯಿ ಸೀಮೆಎಣ್ಣೆ ಸುರಿದುಕೊಂಡು ನಿಂತಾಗ ಹಿರಿಯ ಮಗಳು ಬಂದು ತಡೆಯುವ ಭಾಗ ಬಂದಾಗ ಓದುವ ದನಿ ತಡವರಿಸಿತು. ಇಂಗ್ಲಿಷಿನಲ್ಲಿ ಆ ಕಥೆಯನ್ನು ಮೊದಲೇ ಓದಿದ್ದ ಮಗಳು ಎರಡು ಶಬ್ದಗಳ ಅರ್ಥ ಕೇಳಿದಳು, ಆ ಪುಟವನ್ನು ಇನ್ನೊಮ್ಮೆ ಓದಿರೆಂದಳು.

ಓದಿದೆವು. ಆ ದಿನದ 'ಅಮೃತಧಾರೆ' ತಪ್ಪಿಹೋಯಿತು.