ಆಂಡರ್ಸನ್ ಮತ್ತು ‘ಕಲ್ಪಿತ’ ಎಂಬ ಪದದ ಪಾಡು

ಎಂ.ಎ. ಓದುವಾಗ ಬೆನೆಡಿಕ್ಟ್ ಆಂಡರ್ಸನ್ ಅವರ ‘ಇಮ್ಯಾಜಿನ್ಡ್ ಕಮ್ಯುನಿಟೀಸ್’ (1983) ನನ್ನ ಕೈಗೆ ಬಂದದ್ದು ಜೆರಾಕ್ಸ್ ಹಾಳೆಗಳಲ್ಲಿ; ಅದೂ ನಡುವಿನ ಒಂದೆರಡು ಅಧ್ಯಾಯ ಮಾತ್ರ. ಮೇಷ್ಟ್ರು ಅದನ್ನು ‘ಕಲ್ಪಿತ ಸಮುದಾಯಗಳು’ ಎಂದು ಕನ್ನಡಕ್ಕೆ ತಂದರು. ಕಲ್ಪಿತ ಎಂದಮೇಲೆ ಕಟ್ಟುಕತೆ ತಾನೇ? ರಾಷ್ಟ್ರವೆಂಬುದು ಬರೀ ಸುಳ್ಳು ಎಂದು ಹಾಸ್ಟೆಲಿನಲ್ಲಿ ಎಷ್ಟೋ ವಾದ ಗೆದ್ದೆ. ವರ್ಷಗಳ ನಂತರ ಪುಸ್ತಕವನ್ನು ಮೊದಲಿನಿಂದ ಓದಿದಾಗ ನಾಚಿಕೆಯಾಯಿತು. ಪೀಠಿಕೆಯಲ್ಲೇ ಆಂಡರ್ಸನ್ ಅರ್ನೆಸ್ಟ್ ಗೆಲ್ನರ್ ಅವರನ್ನು ಆಕ್ಷೇಪಿಸುವುದು ಈ ತಪ್ಪಿಗಾಗಿಯೇ: ರಾಷ್ಟ್ರಗಳನ್ನು ಸೃಷ್ಟಿಸಲಾಗುತ್ತದೆ ಎನ್ನುವ ಭರದಲ್ಲಿ ಗೆಲ್ನರ್ ಸೃಷ್ಟಿಯನ್ನೇ ನಕಲಿ ಎಂದುಬಿಟ್ಟರು, ಎಂದು. ಎಷ್ಟು ಚಿಕ್ಕ ರಾಷ್ಟ್ರವಾದರೂ ಅದರ ಜನ ಒಬ್ಬರನ್ನೊಬ್ಬರು ಕಾಣದೆಯೇ ಸಾಯುತ್ತಾರೆ. ಆದರೂ ‘ನಾವು’ ಎಂಬ ಚಿತ್ರ ಅವರ ಮನಸ್ಸಿನಲ್ಲಿರುತ್ತದೆ. ಆಂಡರ್ಸನ್ ಹೇಳಿದ್ದು ಇಷ್ಟು. ಅದಕ್ಕಾಗಿ ಜನ ಕೊಲ್ಲುವುದಷ್ಟೇ ಅಲ್ಲ, ಪ್ರಾಣ ಕೊಡುವುದೂ ಯಾಕೆ ಎಂಬುದು ಅವರನ್ನು ಕಾಡಿದ ಪ್ರಶ್ನೆ.

ಈ ಪ್ರಶ್ನೆ ಅವರ ಬದುಕಿನಿಂದಲೇ ಬಂದದ್ದು ಎಂದು ನನಗನ್ನಿಸುತ್ತದೆ. 1936ರಲ್ಲಿ ಚೀನಾದ ಕುನ್ಮಿಂಗ್‌ನಲ್ಲಿ ಹುಟ್ಟಿದರು. ತಂದೆ ಐರಿಶ್, ತಾಯಿ ಇಂಗ್ಲಿಷ್. ಕ್ಯಾಲಿಫೋರ್ನಿಯಾ, ಐರ್ಲೆಂಡ್, ಕೇಂಬ್ರಿಜ್ ಎಂದು ಸುತ್ತಿ, ಕಾರ್ನೆಲ್‌ನಿಂದ ಸಂಶೋಧನೆಗೆಂದು ಇಂಡೋನೇಷ್ಯಾಕ್ಕೆ ಹೋದ ಮೇಲೆ ಆ ದೇಶವನ್ನು ಮನಸಾರೆ ಹಚ್ಚಿಕೊಂಡರು. 1965ರ ಕ್ಷಿಪ್ರಕ್ರಾಂತಿಯ ಯತ್ನದ ನಂತರ ಅಲ್ಲಿ ಲಕ್ಷಗಟ್ಟಲೆ ಜನರ ಕೊಲೆಯಾಯಿತು. ಆ ಯತ್ನದ ಮೂಲ ಕಮ್ಯುನಿಸ್ಟ್ ಪಕ್ಷವಲ್ಲ, ಸೈನ್ಯದೊಳಗಿನ ಬಿರುಕು ಎಂದು ರೂತ್ ಮೆಕ್‌ವೇ ಮೊದಲಾದವರೊಂದಿಗೆ ವಾದಿಸಿದ್ದು ಸುಹಾರ್ತೋ ಸರ್ಕಾರಕ್ಕೆ ಹಿಡಿಸಲಿಲ್ಲ. 1972ರಿಂದ, 1998ರಲ್ಲಿ ಸುಹಾರ್ತೋ ಕೆಳಗಿಳಿಯುವವರೆಗೂ, ಅವರಿಗೆ ಆ ದೇಶದೊಳಕ್ಕೆ ಪ್ರವೇಶವಿರಲಿಲ್ಲ. ಆ ಕಾಲದಲ್ಲಿ ಥಾಯ್ ಕಲಿತರು, ಟಗಲಾಗ್ ಕಲಿತರು, ಫಿಲಿಪ್ಪೀನ್ಸ್‌ನ ಹೊಸೆ ರಿಸಾಲ್ ಕಾದಂಬರಿಗಳೊಳಗೆ ಇಳಿದರು. ‘ಇಮ್ಯಾಜಿನ್ಡ್ ಕಮ್ಯುನಿಟೀಸ್’ ಹೊರಬಂದದ್ದು ಈ ಬಹಿಷ್ಕಾರದ ನಡುವೆ. ತನ್ನದಲ್ಲದ ದೇಶವೊಂದನ್ನು ದೂರದಲ್ಲಿ ಕೂತು ಮನಸ್ಸಿನಲ್ಲೇ ಕಾಣುತ್ತಿದ್ದವನಿಗೆ ಕಲ್ಪನೆ ಎಂದರೆ ಸುಳ್ಳು ಹೇಗಾದೀತು?

ಅವರ ಪ್ರಸಿದ್ಧ ವಾದ ಮುದ್ರಣ ಬಂಡವಾಳದ್ದು. ಪುಸ್ತಕ ವ್ಯಾಪಾರಿಗಳು ಲಾಭಕ್ಕಾಗಿ ಜನಭಾಷೆಗಳಲ್ಲಿ ಅಚ್ಚು ಹಾಕಿದರು. ಒಂದೇ ಪತ್ರಿಕೆಯನ್ನು ಒಂದೇ ಬೆಳಿಗ್ಗೆ ಓದುವ ಅಪರಿಚಿತರು ತಮ್ಮನ್ನು ಒಂದು ಬಳಗವೆಂದು ಭಾವಿಸತೊಡಗಿದರು. ಇದನ್ನು ಓದಿದಾಗ ನನಗೆ ನೆನಪಾದದ್ದು ಹರ್ಮನ್ ಮೊಗ್ಲಿಂಗ್. ಅವರು 1843ರಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ ಮರುವರ್ಷ ಬಳ್ಳಾರಿಗೆ ಹೋದಾಗ ‘ಕನ್ನಡ ಸಮಾಚಾರ’ವಾಯಿತು. ಊರಿನ ಹೆಸರು ಹೋಗಿ ನುಡಿಯ ಹೆಸರು ಬಂತು! ಆಂಡರ್ಸನ್‌ಗೆ ಇದು ಗೊತ್ತಿದ್ದರೆ ಖಂಡಿತ ಬಳಸಿಕೊಳ್ಳುತ್ತಿದ್ದರು.

ಆದರೆ ನನ್ನ ತಕರಾರು ಶುರುವಾಗುವುದೂ ಇಲ್ಲೇ. ಆಗ ಪತ್ರಿಕೆ ಓದಬಲ್ಲವರು ಎಷ್ಟು ಜನ? ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಕನ್ನಡಿಗರು 1956ರಲ್ಲಿ ಒಂದಾಗುವ ಹೊತ್ತಿಗೆ, ಊರೂರು ತಿರುಗಿದ ನಾಟಕ ಕಂಪನಿಗಳೂ ಕೀರ್ತನಕಾರರೂ ಅಚ್ಚಿನ ಮೊಳೆಗಳಷ್ಟೇ ದುಡಿದಿದ್ದರು. ನನ್ನಜ್ಜನಿಗೆ ಓದು ಬರುತ್ತಿರಲಿಲ್ಲ. ಹೋಟೆಲಿನ ಜಗಲಿಯಲ್ಲಿ ಯಾರೋ ಪೇಪರು ಗಟ್ಟಿಯಾಗಿ ಓದುವಾಗ ಕೇಳಿ, ಮನೆಗೆ ಬಂದು ತನ್ನದೇ ಉಪ್ಪು ಖಾರ ಹಚ್ಚಿ ಹೇಳುತ್ತಿದ್ದ. ಕಿವಿಯಿಂದ ಹುಟ್ಟುವ ಈ ‘ನಾವು’ ಆಂಡರ್ಸನ್‌ರಲ್ಲಿ ತೀರ ತೆಳು. ರೇಡಿಯೊದ ಬಗ್ಗೆ ಹಾದುಹೋಗುವಂತೆ ಒಂದು ಮಾತಿದೆ, ಅಷ್ಟೆ. ಯುರೋಪು ಮತ್ತು ಅಮೆರಿಕಗಳೇ ಎಲ್ಲ ಮಾದರಿಗಳನ್ನೂ ಒದಗಿಸಿದರೆ ನಾವು ಕಲ್ಪಿಸಲು ಉಳಿದದ್ದೇನು ಎಂದು ಪಾರ್ಥ ಚಟರ್ಜಿ 1993ರಲ್ಲಿ ಕೇಳಿದ್ದು ಇದಕ್ಕಿಂತ ದೊಡ್ಡ ತಕರಾರು. ಅದಕ್ಕೆ ಆಂಡರ್ಸನ್ ಪುಸ್ತಕದಲ್ಲಿ ನನಗೆ ತೃಪ್ತಿಕರ ಉತ್ತರ ಸಿಕ್ಕಿಲ್ಲ. 1991ರ ಆವೃತ್ತಿಯಲ್ಲಿ ಸೇರಿದ ಜನಗಣತಿ, ನಕ್ಷೆ, ಮ್ಯೂಸಿಯಂ ಕುರಿತ ಅಧ್ಯಾಯ ಮಾತ್ರ ವಸಾಹತುಗಳ ನೆಲಕ್ಕೇ ಇಳಿದು ಮಾತಾಡುತ್ತದೆ. ವಿದ್ಯಾರ್ಥಿಗಳು ಅಲ್ಲಿಂದಲೇ ಶುರು ಮಾಡಿದರೂ ನಷ್ಟವಿಲ್ಲ.

2015ರ ಡಿಸೆಂಬರಿನಲ್ಲಿ ಆಂಡರ್ಸನ್ ಪೂರ್ವ ಜಾವಾದ ಬಾಟು ಎಂಬ ಊರಿನಲ್ಲಿ ತೀರಿಕೊಂಡರು. ಚಿತಾಭಸ್ಮವನ್ನು ಜಾವಾ ಸಮುದ್ರದಲ್ಲಿ ಬಿಟ್ಟರು.

ನಾನೀಗ ಪಾಠ ಮಾಡುವಾಗ ‘ಕಲ್ಪಿತ’ ಎನ್ನುವುದಿಲ್ಲ. ‘ನೆನೆದುಕೊಂಡ ಸಮುದಾಯ’ ಎಂದು ಹೇಳಿ ನೋಡುತ್ತಿದ್ದೇನೆ. ನೆನೆ ಎಂದರೆ ಯೋಚಿಸು, ನೆನಪಿಸಿಕೊ, ಹಂಬಲಿಸು ಎಲ್ಲವೂ ಹೌದು. ಕಿವಿಗೆ ಇನ್ನೂ ಸರಿಯಾಗಿ ಕೂತಿಲ್ಲ. ಇದಕ್ಕಿಂತ ಒಳ್ಳೆಯ ಪದ ನಿಮಗೆ ಹೊಳೆದರೆ ಬರೆಯಿರಿ.