ರೌಂಡ್ ಆಫ್ ಕೊನೆಗೆ ಒಂದೇ ಸಲ

ತಾಳಮದ್ದಳೆಯ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಗೀಳಿನವರು ಒಳ್ಳೆಯ ಡೆಕ್ ಹುಡುಕುತ್ತಾರೆ, ಹೆಡ್ ಒರೆಸುತ್ತಾರೆ, ಕೇಬಲ್ಲಿಗೆ ದುಡ್ಡು ಸುರಿಯುತ್ತಾರೆ. ಆಮೇಲೆ ಆಡಾಸಿಟಿ ತೆರೆದು, ‘ಸಿ.ಡಿ.ಗೇ 16 ಬಿಟ್ ಸಾಕಂತೆ, ಡಿಸ್ಕಿನಲ್ಲಿ ಜಾಗವೂ ಉಳಿಯುತ್ತದೆ’ ಎಂದು ಸ್ಯಾಂಪಲ್ ಫಾರ್ಮ್ಯಾಟನ್ನು 32 ಬಿಟ್ ಫ್ಲೋಟ್‌ನಿಂದ 16ಕ್ಕೆ ಇಳಿಸಿಬಿಡುತ್ತಾರೆ. ಆ ತಂತ್ರಾಂಶ ಬರುವಾಗಲೇ 32 ಇಟ್ಟುಕೊಂಡು ಬಂದಿರುತ್ತದೆ. ಅದನ್ನು ಮುಟ್ಟದಿದ್ದರೇ ಕ್ಷೇಮ.

16 ಬಿಟ್ ಕೀಳೆಂದಲ್ಲ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ಇವತ್ತಿಗೂ ಅದರಲ್ಲೇ ಇದೆ: 65,536 ಮಟ್ಟಗಳು, ಸುಮಾರು 96 ಡೆಸಿಬೆಲ್ ಹರವು. ಕ್ಯಾಸೆಟ್ಟಿನ ‘ಸ್ಸ್’ ಸದ್ದು ಅದರ ತಳಕ್ಕಿಂತ ಎಷ್ಟೋ ಮೇಲಿರುತ್ತದೆ. ಕೇಳಲಿಕ್ಕೆ ಧಾರಾಳವಾಯಿತು. ನನ್ನ ತಕರಾರು ಎಡಿಟಿಂಗ್ ವಿಷಯದಲ್ಲಿ. ವಾಲ್ಯೂಮ್, ಈಕ್ವಲೈಸರ್, ಫೇಡ್ ಎಲ್ಲವೂ ಒಳಗೆ ಗುಣಾಕಾರಗಳೇ, ಉತ್ತರ ದಶಾಂಶದಲ್ಲಿ ಬರುತ್ತದೆ. 16 ಬಿಟ್‌ನಲ್ಲಿ ಪ್ರತಿ ಹೆಜ್ಜೆಗೂ ಅದನ್ನು ಪೂರ್ಣಾಂಕಕ್ಕೆ ಕತ್ತರಿಸಬೇಕು. ಅಂಗಡಿಯವನು ಪೈಸೆಯನ್ನು ಬಿಲ್ಲಿನ ಕೊನೆಗೆ ರೌಂಡ್ ಆಫ್ ಮಾಡುವ ಬದಲು ಒಂದೊಂದು ಸಾಮಾನಿಗೂ ಮಾಡಿದ ಹಾಗೆ.

ಭಾಗವತರ ದನಿ ಇಳಿದು ಶ್ರುತಿ ಮಾತ್ರ ಉಳಿದಿರುವ ಒಂದು ತುಣುಕು ತೆಗೆದುಕೊಳ್ಳಿ. 48 ಡೆಸಿಬೆಲ್ ತಗ್ಗಿಸಿ, ಮತ್ತೆ ಅಷ್ಟೇ ಏರಿಸಿ. 16 ಬಿಟ್ ಲೆಕ್ಕದಲ್ಲಿ ಉಳಿಯುವುದು ಹೆಚ್ಚೆಂದರೆ ಸುಮಾರು 260 ಮಟ್ಟ; ಶ್ರುತಿಯ ಬೆನ್ನಿಗೆ ಮರಳು ಉಜ್ಜಿದಂಥ ಕರಕರ ಅಂಟಿಕೊಂಡಿರುತ್ತದೆ. ದಶಾಂಶವನ್ನೂ ಉಳಿಸಿಕೊಳ್ಳುವ ಫ್ಲೋಟ್‌ನಲ್ಲಿ ಹೋದ ಹಾಗೇ ವಾಪಸು ಬರುತ್ತದೆ. ಅಲ್ಲಿ ಸದ್ದು ಎಷ್ಟೇ ಸಣ್ಣದಾದರೂ 24 ಬಿಟ್‌ನಷ್ಟು ನಿಖರತೆ ಅದರ ಜೊತೆಗೇ ಇಳಿಯುತ್ತದೆ. ಎಫೆಕ್ಟ್ ಹಾಕಿ ಸೊನ್ನೆ ಡೆಸಿಬೆಲ್ ದಾಟಿದರೂ ಗಾಬರಿಯಿಲ್ಲ, ಆಂಪ್ಲಿಫೈ ಬಳಸಿ ಇಳಿಸಿಕೊಳ್ಳಬಹುದು. ಆದರೆ ಸೌಂಡ್ ಕಾರ್ಡಿನ ಬಾಗಿಲಲ್ಲೇ ಚಂಡೆಯ ಪೆಟ್ಟಿನ ತಲೆ ಚಪ್ಪಟೆಯಾಗಿದ್ದರೆ ಯಾವ ಫ್ಲೋಟೂ ಕಾಪಾಡದು. ರೆಕಾರ್ಡ್ ಮಾಡುವಾಗ ಅತಿ ಜೋರಿನ ಪೆಟ್ಟೂ ಮೈನಸ್ 6 ಡೆಸಿಬೆಲ್ಲಿನ ಆಸುಪಾಸಿನಲ್ಲಿರಲಿ.

ಇನ್ನು ಡಿದರ್. 32ರಿಂದ 16ಕ್ಕೆ ಇಳಿಸುವಾಗ ಬೇಕೆಂದೇ ಬೆರೆಸುವ ಅತಿ ಸಣ್ಣ ಗದ್ದಲ ಇದು. ಕತ್ತರಿಸಿದ ತಪ್ಪು ರಾಗಕ್ಕೆ ಅಂಟಿಕೊಂಡು ಕರ್ಕಶವಾಗದಂತೆ ತಡೆಯುತ್ತದೆ. ಆಡಾಸಿಟಿಯ ಪಟ್ಟಿಯಲ್ಲಿ ರೆಕ್ಟ್ಯಾಂಗಲ್, ಟ್ರಯಾಂಗಲ್, ಶೇಪ್ಡ್ ಎಂದಿವೆ. ಶೇಪ್ಡ್ ಆ ಗದ್ದಲವನ್ನು ಕಿವಿ ಮಂದವಾಗಿರುವ ಮೇಲಿನ ಸ್ಥಾಯಿಗೆ ತಳ್ಳುತ್ತದೆ. ಕೊನೆಯ ಪ್ರತಿಗೆ ಅದೇ ಸರಿ. ಮುಂದೆ ಇನ್ನೊಬ್ಬರು ಕೈಯಾಡಿಸುವ ಕಡತಕ್ಕೆ ನನ್ನ ಓಟು ಟ್ರಯಾಂಗಲ್‌ಗೆ. 16 ಬಿಟ್ ಕಡತವನ್ನು ಬರೀ ತುಂಡು ಮಾಡುವುದಿದ್ದರೆ ಯಾವುದೂ ಬೇಡ.

ರೀಪರ್‌ನಂಥ ತಂತ್ರಾಂಶಗಳು 64 ಬಿಟ್‌ನಲ್ಲಿ ಮಿಕ್ಸ್ ಮಾಡುತ್ತವೆ. ಮಾಡಲಿ ಬಿಡಿ. ಕ್ಯಾಸೆಟ್ ಕೆಲಸಕ್ಕೆ ಅದು ಜಂಬವೇ ಹೊರತು ಲಾಭವಲ್ಲ.

ಜಾಗದ ಚಿಂತೆಗೂ ಅರ್ಥವಿಲ್ಲ. 44.1 ಕಿಲೊಹರ್ಟ್ಸ್‌ನಲ್ಲಿ ಒಂದು ಗಂಟೆಯ ಸ್ಟೀರಿಯೊ 16 ಬಿಟ್‌ಗೆ 635 ಎಂ.ಬಿ., 32ಕ್ಕೆ 1.27 ಜಿ.ಬಿ. ನೆಂಟರಿಷ್ಟರಿಗೆ ಎಂಪಿ3 ಮಾಡಿ ವಾಟ್ಸ್ಆ್ಯಪ್‌ನಲ್ಲಿ ಧಾರಾಳವಾಗಿ ಹಂಚಿ. 32 ಬಿಟ್ ಫ್ಲೋಟ್‌ನ ವೇವ್ ಕಡತವನ್ನು ಮಾತ್ರ ದಯವಿಟ್ಟು ಅಳಿಸಬೇಡಿ.